ಓದುಗರ ಪ್ರಶ್ನೆ: ಅರೆಬೆಂದ ಮೊಟ್ಟೆ, ಟೋಸ್ಟ್ ಮತ್ತು ಬ್ರಿಟನ್ನಿನ ಬೆಳಗಿನ ತಿಂಡಿ

ಈ ತಿಂಗಳು ಬಂದ ಪತ್ರಗಳಲ್ಲಿ ಬ್ರಿಟನ್ನಿನ ತಿಂಡಿಯ ಬಗ್ಗೆ ಕೇಳಿದವೇ ಜಾಸ್ತಿ. ಮಕ್ಕಳ ಮನೆಗೆ ಹೋಗಿ ಬಂದವರು, ಓದಲು ಹೊರಟವರು, ಅಲ್ಲೇ ನೆಲೆಸಿದವರು, ಎಲ್ಲರೂ ಕೇಳಿದ್ದಾರೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇವನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಾವು ಇತ್ತೀಚೆಗೆ ರೆಡಿಂಗ್‌ಗೆ ಬಂದೆವು. ಮಗಳು ಗೆಳತಿಯ ಮನೆಯಲ್ಲಿ ಅರೆಬೆಂದ ಮೊಟ್ಟೆಗೆ ಟೋಸ್ಟ್ ಅದ್ದಿಕೊಂಡು ತಿಂದಳಂತೆ, ಈಗ ದಿನಾ ಅದೇ ಬೇಕು ಅಂತಾಳೆ. ನಾನು ಮಾಡಿದರೆ ಒಂದು ದಿನ ಬಿಳಿ ಭಾಗವೇ ಲೋಳೆ, ಇನ್ನೊಂದು ದಿನ ಹಳದಿಯೂ ಗಟ್ಟಿ. ಇದಕ್ಕೆ ಲೆಕ್ಕ ಏನು? — ಓದುಗರು, ರೆಡಿಂಗ್

ಲೆಕ್ಕ ಖಂಡಿತ ಇದೆ. ಮೊಟ್ಟೆಯ ಬಿಳಿ ಸುಮಾರು 62 ಡಿಗ್ರಿಗೆ ಗಟ್ಟಿಯಾಗಲು ಶುರುವಾಗುತ್ತದೆ. ಹಳದಿ 65ರ ಆಸುಪಾಸಿನಲ್ಲಿ ಮಂದವಾಗಿ, 70ಕ್ಕೆ ಬಂದಾಗ ಗಟ್ಟಿಯಾಗಿಬಿಡುತ್ತದೆ. ಶಾಖ ಹೊರಗಿನಿಂದ ಒಳಗೆ ಹೋಗುವುದರಿಂದ ಬಿಳಿ ಮೊದಲು ಬೇಯುತ್ತದೆ, ಹಳದಿ ಆಮೇಲೆ. ಬಿಳಿ ಪೂರ್ತಿ ಬೆಂದು ಹಳದಿ ಇನ್ನೂ ಹರಿಯುವಂತಿರುವ ಹೊತ್ತು ತುಂಬಾ ಚಿಕ್ಕದು, ಒಂದು ನಿಮಿಷ ಇದ್ದರೆ ಹೆಚ್ಚು. ಆ ಹೊತ್ತಿಗೆ ಸರಿಯಾಗಿ ಮೊಟ್ಟೆಯನ್ನು ನೀರಿನಿಂದ ಹೊರಗೆ ತೆಗೆಯಬೇಕು, ಅದಕ್ಕೇ ಅಂದಾಜಿನಲ್ಲಿ ಮಾಡಿದರೆ ಒಂದು ದಿನ ಹಾಗೆ, ಒಂದು ದಿನ ಹೀಗೆ ಆಗುತ್ತದೆ.

ನಿಮ್ಮ ಊರಿನ ಅಂಗಡಿಯಲ್ಲಿ ಮೊಟ್ಟೆಯ ಡಬ್ಬದ ಮೇಲೆ ಅಳತೆ ಬರೆದಿರುತ್ತದೆ. ಮೀಡಿಯಂ ಅಂದರೆ 53ರಿಂದ 63 ಗ್ರಾಂ, ಲಾರ್ಜ್ ಅಂದರೆ 63ರಿಂದ 73 ಗ್ರಾಂ. ಅಡುಗೆಮನೆಯಲ್ಲಿ ಹೊರಗೇ ಇಟ್ಟ ಮೀಡಿಯಂ ಮೊಟ್ಟೆಯನ್ನು ಚೆನ್ನಾಗಿ ಕುದಿಯುವ ನೀರಿಗೆ ಚಮಚದಲ್ಲಿ ಮೆಲ್ಲಗೆ ಇಳಿಸಿ, ಉರಿ ಸ್ವಲ್ಪ ಕಡಿಮೆ ಮಾಡಿ, ನಾಲ್ಕೂವರೆಯಿಂದ ಐದು ನಿಮಿಷ ಬಿಡಿ. ಲಾರ್ಜ್ ಆದರೆ ಇನ್ನೊಂದು ಅರ್ಧ ನಿಮಿಷ. ಫ್ರಿಜ್‌ನಿಂದ ನೇರ ತೆಗೆದು ಹಾಕಿದರೆ ಒಂದು ನಿಮಿಷ ಹೆಚ್ಚು ಬೇಕು, ಮತ್ತೆ ಸಿಪ್ಪೆ ಬಿರಿಯುವುದೂ ಆಗಲೇ. ನೀವು ಒಂದು ದಿನ ಹೊರಗಿನ ಮೊಟ್ಟೆ, ಒಂದು ದಿನ ಫ್ರಿಜ್‌ನ ಮೊಟ್ಟೆ ಹಾಕುತ್ತಿದ್ದೀರೇನೋ, ನೋಡಿಕೊಳ್ಳಿ. ಯಾವುದಾದರೂ ಒಂದೇ ಅಭ್ಯಾಸ ಇಟ್ಟುಕೊಂಡು, ಒಂದೇ ಪಾತ್ರೆ, ಮೊಟ್ಟೆ ಪೂರ್ತಿ ಮುಳುಗುವಷ್ಟು ನೀರು, ಫೋನಿನಲ್ಲಿ ಟೈಮರ್ ಇಟ್ಟು ಮಾಡಿದರೆ ಎರಡು ಮೂರು ದಿನದಲ್ಲಿ ನಿಮ್ಮ ಮನೆಯ ಸಮಯ ನಿಮಗೇ ಸಿಗುತ್ತದೆ.

ತೆಗೆದ ಮೇಲೆ ಕಾಯಬೇಡಿ. ಸಿಪ್ಪೆಯೊಳಗಿನ ಶಾಖಕ್ಕೆ ಮೊಟ್ಟೆ ಬೇಯುತ್ತಲೇ ಇರುತ್ತದೆ. ಒಂದೆರಡು ಸೆಕೆಂಡ್ ತಣ್ಣೀರಿಗೆ ಹಿಡಿದು, ಎಗ್ ಕಪ್ಪಿನಲ್ಲಿ ನಿಲ್ಲಿಸಿ, ಚಮಚದ ಬೆನ್ನಿನಿಂದ ತಲೆಯ ಸುತ್ತ ತಟ್ಟಿ ಮುಚ್ಚಳದ ಹಾಗೆ ಎತ್ತಿಬಿಡಿ. ಬಿಸಿ ಹೊರಗೆ ಹೋಗುತ್ತದೆ. ಟೋಸ್ಟ್ ಅಷ್ಟರಲ್ಲಿ ತಯಾರಿರಬೇಕು. ಮೊಟ್ಟೆ ಟೋಸ್ಟಿಗೆ ಕಾಯಬಾರದು, ಟೋಸ್ಟೇ ಮೊಟ್ಟೆಗೆ ಕಾಯಬೇಕು. ಬ್ರೆಡ್ಡನ್ನು ಗರಿಯಾಗಿ ಸುಟ್ಟು, ಅಂಚಿನವರೆಗೂ ಬೆಣ್ಣೆ ಹಚ್ಚಿ, ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ. ಇವಕ್ಕೇ ಅಲ್ಲಿನ ಮಕ್ಕಳು ಸೋಲ್ಜರ್ಸ್ ಅನ್ನುವುದು. ಮೆತ್ತಗಿನ ಬ್ರೆಡ್ ಹಳದಿಗೆ ಅದ್ದಿದ ತಕ್ಷಣ ಬಾಗಿ ಮುರಿದು ಬೀಳುತ್ತದೆ. ಬೆಣ್ಣೆಯಲ್ಲಿ ಉಪ್ಪಿಲ್ಲದಿದ್ದರೆ ಮೊಟ್ಟೆಗೆ ಒಂದು ಚಿಟಿಕೆ ಉಪ್ಪು ಉದುರಿಸಿ. ನಮ್ಮವರು ತಕ್ಷಣ ಮೆಣಸಿನ ಪುಡಿಗೆ ಕೈ ಹಾಕುತ್ತಾರೆ, ನನ್ನ ಮಾತು ಕೇಳಿ, ಮೊದಲ ಸಲ ಹಾಕಬೇಡಿ. ಬೆಚ್ಚಗಿನ ಹಳದಿ, ಬೆಣ್ಣೆ, ಗರಿ ಬ್ರೆಡ್, ಉಪ್ಪು, ಈ ನಾಲ್ಕರ ರುಚಿಯನ್ನು ಒಂದು ಸಲ ಪೂರ್ತಿಯಾಗಿ ನೋಡಿ. ಇದನ್ನು ಸಪ್ಪೆ ಅನ್ನುವವರು ಹೆಚ್ಚಿನವರು ತಣ್ಣಗಾದ ಮೊಟ್ಟೆ, ಮೆತ್ತಗಾದ ಟೋಸ್ಟ್ ತಿಂದವರು.

ಸ್ಟೀಲ್ ಚಮಚವೇ ಸಾಕು. ಬೆಳ್ಳಿ ಚಮಚ ಬೇಡ, ಮೊಟ್ಟೆಯಲ್ಲಿರುವ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ. ಹಿಂದೆ ಶ್ರೀಮಂತರ ಮನೆಗಳಲ್ಲಿ ಮೂಳೆ ಅಥವಾ ಮುತ್ತಿನ ಚಿಪ್ಪಿನ ಚಮಚ ಇಟ್ಟುಕೊಳ್ಳುತ್ತಿದ್ದದ್ದು ಇದಕ್ಕೇ. ಇನ್ನೊಂದು, ತಿಂದು ಮುಗಿದ ಮೇಲೆ ಖಾಲಿ ಸಿಪ್ಪೆಯನ್ನು ಬೋರಲು ಹಾಕಿ ‘ಅಮ್ಮಾ, ನಾನು ಇನ್ನೂ ತಿಂದೇ ಇಲ್ಲ’ ಅಂತ ದೊಡ್ಡವರನ್ನು ಏಮಾರಿಸುವ ಆಟ ಅಲ್ಲಿನ ಮಕ್ಕಳಿಗೆಲ್ಲ ಗೊತ್ತು. ನಿಮ್ಮ ಮಗಳೂ ಕಲಿತು ಬರುತ್ತಾಳೆ, ನೀವು ಏಮಾರಿ.

ಪ್ರಶ್ನೆ: ಅಕ್ಕಾ, ನನ್ನ ಸೊಸೆ ಲೀಡ್ಸ್‌ನಲ್ಲಿದ್ದಾಳೆ, ಈಗ ಐದು ತಿಂಗಳ ಗರ್ಭಿಣಿ. ವಿಡಿಯೋ ಕಾಲ್‌ನಲ್ಲಿ ನೋಡಿದರೆ ಹರಿಯುವ ಮೊಟ್ಟೆ ತಿನ್ನುತ್ತಿದ್ದಾಳೆ. ಇಲ್ಲಿ ಡಾಕ್ಟರು ಅರೆಬೆಂದದ್ದು ಬೇಡವೇ ಬೇಡ ಅನ್ನುತ್ತಾರೆ. ಹೇಳಿದರೆ ‘ಅತ್ತೆ, ಇಲ್ಲಿ ಪರವಾಗಿಲ್ಲ’ ಅಂತಾಳೆ. ನಿಜವಾ? — ಓದುಗರು, ಹುಬ್ಬಳ್ಳಿ

ನಿಮ್ಮ ಆತಂಕ ಸಹಜ ಅಮ್ಮಾ. ಇಲ್ಲಿನ ಡಾಕ್ಟರು ಹೇಳಿದ್ದು ಸರಿ, ಸೊಸೆ ಹೇಳಿದ್ದೂ ಸರಿ. ಇದರ ಹಿಂದೆ ದೊಡ್ಡ ಕತೆ ಇದೆ, ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಬ್ರಿಟನ್ನಿನಲ್ಲಿ ಮೊಟ್ಟೆಗೆ ಒಂದು ಕಾಲದಲ್ಲಿ ಭಾರಿ ಪ್ರಚಾರ ಇತ್ತು. ನಮ್ಮಲ್ಲಿ ಟೀವಿಯಲ್ಲಿ ‘ಸಂಡೇ ಹೋ ಯಾ ಮಂಡೇ’ ಬರುತ್ತಿತ್ತಲ್ಲ, ಹಾಗೆ ಅಲ್ಲಿ 1957ರಿಂದ ‘ಗೋ ಟು ವರ್ಕ್ ಆನ್ ಆನ್ ಎಗ್’ ಅನ್ನುವ ಜಾಹೀರಾತು ಮನೆಮಾತಾಗಿತ್ತು. ಆಮೇಲೆ 1988ರ ಡಿಸೆಂಬರ್‌ನಲ್ಲಿ ಆರೋಗ್ಯ ಇಲಾಖೆಯ ಕಿರಿಯ ಸಚಿವೆ ಎಡ್ವಿನಾ ಕರ್ರಿ, ದೇಶದ ಮೊಟ್ಟೆ ಉತ್ಪಾದನೆಯಲ್ಲಿ ಹೆಚ್ಚಿನದಕ್ಕೆ ಸಾಲ್ಮೊನೆಲ್ಲಾ ಎಂಬ, ಹೊಟ್ಟೆ ಕೆಡಿಸುವ ರೋಗಾಣು ತಗುಲಿದೆ ಎಂದುಬಿಟ್ಟರು. ಮೊಟ್ಟೆ ಮಾರಾಟ ಕುಸಿದುಬಿತ್ತು, ಕೋಳಿ ಸಾಕುವವರು ಬೀದಿಗೆ ಬಂದರು, ಎರಡು ವಾರದೊಳಗೆ ಸಚಿವೆ ರಾಜೀನಾಮೆ ಕೊಟ್ಟರು. ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು ಅರೆಬೆಂದ ಮೊಟ್ಟೆ ತಿನ್ನಬಾರದು ಎಂಬ ಸರ್ಕಾರದ ಸಲಹೆ ಶುರುವಾದದ್ದೂ ಆ ಹೊತ್ತಿಗೇ.

ಅಲ್ಲಿಗೆ ಬಿಡಲಿಲ್ಲ ಅನ್ನುವುದು ನನಗೆ ಮೆಚ್ಚುಗೆಯಾದ ಸಂಗತಿ. 1998ರಲ್ಲಿ ಮೊಟ್ಟೆ ಉದ್ಯಮದವರು ಲಯನ್ ಗುರುತಿನ ಪದ್ಧತಿ ತಂದರು. ಕೋಳಿಗಳಿಗೆ ಸಾಲ್ಮೊನೆಲ್ಲಾ ವಿರುದ್ಧ ಲಸಿಕೆ, ಫಾರ್ಮಿನ ಸ್ವಚ್ಛತೆಯ ತಪಾಸಣೆ, ಪ್ರತಿ ಮೊಟ್ಟೆಯ ಮೇಲೂ ಅದು ಬಂದ ಫಾರ್ಮಿನ ಗುರುತು. ಇದನ್ನು ವರ್ಷಗಟ್ಟಲೆ ನಡೆಸಿದ ಮೇಲೆ, 2017ರ ಅಕ್ಟೋಬರ್‌ನಲ್ಲಿ ಅಲ್ಲಿನ ಫುಡ್ ಸ್ಟ್ಯಾಂಡರ್ಡ್ಸ್ ಏಜೆನ್ಸಿ ತನ್ನ ಸಲಹೆಯನ್ನೇ ಬದಲಿಸಿತು. ಕೆಂಪು ಸಿಂಹದ ಮುದ್ರೆ ಇರುವ ಕೋಳಿಮೊಟ್ಟೆಯನ್ನು ಗರ್ಭಿಣಿಯರು, ಮಕ್ಕಳು, ಹಿರಿಯರು ಅರೆಬೆಂದದ್ದಾಗಿಯೂ ತಿನ್ನಬಹುದು ಎಂದಿತು. ಹಾಗಾಗಿ ಸೊಸೆಗೆ ಒಂದೇ ಮಾತು ಕೇಳಿ, ‘ಮೊಟ್ಟೆಯ ಮೇಲೆ ಕೆಂಪು ಸಿಂಹ ಇದೆಯಾ ಮಗಾ?’ ಅಂತ. ಇದ್ದರೆ ನೆಮ್ಮದಿಯಾಗಿರಿ. ಬಾತುಕೋಳಿ ಮೊಟ್ಟೆ, ಮುದ್ರೆ ಇಲ್ಲದ ಮೊಟ್ಟೆ, ಬೇರೆ ದೇಶದಿಂದ ಬಂದ ಮೊಟ್ಟೆಗೆ ಈ ಮಾತು ಅನ್ವಯಿಸುವುದಿಲ್ಲ. ರೋಗನಿರೋಧಕ ಶಕ್ತಿ ತೀರಾ ಕುಗ್ಗಿ ವೈದ್ಯರು ಹೇಳಿದ ಪಥ್ಯದಲ್ಲಿರುವವರಿಗೂ ಇಲ್ಲ.

ಇನ್ನು ಆಕೆ ಹೆರಿಗೆಗೆ ಹುಬ್ಬಳ್ಳಿಗೆ ಬಂದರೆ ಇಲ್ಲಿ ಗಟ್ಟಿಯಾಗಿ ಬೇಯಿಸಿಯೇ ಕೊಡಿ. ನಮ್ಮ ಅಂಗಡಿಯ ಮೊಟ್ಟೆಗೆ ಅಂಥ ಮುದ್ರೆ ಇಲ್ಲ.

ಪ್ರಶ್ನೆ: ಲಂಡನ್ನಿನ ಅಣ್ಣ ಹೇಳಿದ ಸಮಯವನ್ನೇ ಇಟ್ಟು ಮೊಟ್ಟೆ ಬೇಯಿಸಿದರೂ ಬೆಂಗಳೂರಿನಲ್ಲಿ ನನಗೆ ಬಿಳಿ ಹಸಿಯಾಗಿಯೇ ಇರುತ್ತದೆ. ಗ್ಯಾಸ್ ಸರಿ ಇಲ್ಲವಾ? — ಓದುಗರು, ಬಸವನಗುಡಿ

ಗ್ಯಾಸ್ ಸರಿಯಾಗಿದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್‌ಗೂ ಎತ್ತರದಲ್ಲಿದೆ. ಇಲ್ಲಿ ನೀರು 100 ಡಿಗ್ರಿಗೆ ಅಲ್ಲ, ಸುಮಾರು 97ಕ್ಕೇ ಕುದಿಯುತ್ತದೆ. ಉರಿ ಎಷ್ಟು ದೊಡ್ಡದು ಮಾಡಿದರೂ ನೀರು ಅದಕ್ಕಿಂತ ಬಿಸಿಯಾಗುವುದಿಲ್ಲ, ಸುಮ್ನೆ ಆವಿ ಜಾಸ್ತಿ ಆಗುತ್ತದೆ ಅಷ್ಟೆ. ಅರ್ಧ ನಿಮಿಷ ಹೆಚ್ಚು ಬಿಡಿ. ನಮ್ಮ ಮೊಟ್ಟೆ ಅಲ್ಲಿನದಕ್ಕಿಂತ ಸಾಮಾನ್ಯವಾಗಿ ಚಿಕ್ಕದಿರುತ್ತದೆ, ಅದರಿಂದ ಸ್ವಲ್ಪ ಸಮಯ ಉಳಿಯುತ್ತದೆ, ಆದರೆ ಫ್ರಿಜ್‌ನಿಂದ ತೆಗೆದದ್ದಾದರೆ ಆ ಉಳಿತಾಯವೂ ಹೋಯಿತು. ಮತ್ತೆ ಹುಬ್ಬಳ್ಳಿಯ ಅಮ್ಮನಿಗೆ ಹೇಳಿದ್ದನ್ನು ನೀವೂ ಓದಿಕೊಳ್ಳಿ. ಆರೋಗ್ಯವಂತ ದೊಡ್ಡವರು ತಾಜಾ, ಬಿರುಕಿಲ್ಲದ ಮೊಟ್ಟೆ ನೋಡಿ ತಮ್ಮ ಹೊಣೆಯಲ್ಲಿ ತಿನ್ನುವುದು ಬೇರೆ, ಮನೆಯ ಮಕ್ಕಳಿಗೂ ಅಜ್ಜಿಗೂ ಕೊಡುವುದು ಬೇರೆ.

ಪ್ರಶ್ನೆ: ನಾನು ಎಂಎಸ್ಸಿಗೆ ಗ್ಲಾಸ್ಗೋಗೆ ಹೋಗುತ್ತಿದ್ದೇನೆ. ಶುದ್ಧ ಸಸ್ಯಾಹಾರಿ, ಮೊಟ್ಟೆಯನ್ನೂ ತಿನ್ನುವುದಿಲ್ಲ. ಬೆಳಿಗ್ಗೆ ಹೋಟೆಲಿನಲ್ಲಿ, ಬಿ ಅಂಡ್ ಬಿಯಲ್ಲಿ (ರಾತ್ರಿ ತಂಗಲು ಕೋಣೆ, ಬೆಳಿಗ್ಗೆ ತಿಂಡಿ ಕೊಡುವ ಮನೆ) ನನಗೆ ಏನಾದರೂ ಸಿಗುತ್ತದಾ, ಅಥವಾ ಅವಲಕ್ಕಿ ಹೊತ್ತುಕೊಂಡು ಹೋಗಬೇಕಾ? — ಓದುಗರು, ಶಿವಮೊಗ್ಗ

ಅವಲಕ್ಕಿ ತೆಗೆದುಕೊಂಡು ಹೋಗಿ, ಅದು ಯಾವತ್ತೂ ಬೇಕಾಗುತ್ತದೆ. ಆದರೆ ಅಲ್ಲಿಯ ತಿಂಡಿಯನ್ನೂ ಬಿಡಬೇಡಿ.

ನೀವು ಹೋಗುತ್ತಿರುವುದೇ ಪಾರಿಜ್‌ನ, ಅಂದರೆ ಓಟ್ಸ್ ಗಂಜಿಯ, ಊರಿಗೆ. ಸ್ಕಾಟ್ಲೆಂಡಿನವರು ಓಟ್ಸನ್ನು ನೀರು, ಉಪ್ಪು ಹಾಕಿ ಸಣ್ಣ ಉರಿಯಲ್ಲಿ, ಸ್ಪರ್ಟಲ್ ಅನ್ನುವ ಮರದ ಕೋಲಿನಿಂದ ಕೈಬಿಡದೆ ತಿರುವುತ್ತಾ ಬೇಯಿಸುತ್ತಾರೆ. ಕಾರ್‌ಬ್ರಿಜ್ ಅನ್ನುವ ಹಳ್ಳಿಯಲ್ಲಿ 1994ರಿಂದ ಪಾರಿಜ್ ಮಾಡುವ ವಿಶ್ವ ಸ್ಪರ್ಧೆಯನ್ನೇ ನಡೆಸುತ್ತಾ ಬಂದಿದ್ದಾರೆ, ಗೆದ್ದವರಿಗೆ ಗೋಲ್ಡನ್ ಸ್ಪರ್ಟಲ್ ಬಿರುದು. ಪ್ಯಾಕೆಟ್ಟಿನ ದಿಢೀರ್ ಓಟ್ಸ್ ತಿಂದು ಬೇಸರಪಟ್ಟವರು ಒಮ್ಮೆ ಪಿನ್‌ಹೆಡ್ ಓಟ್ಸ್‌ನದು ತಿಂದು ನೋಡಬೇಕು. ಅದು ರವೆಗಿಂತ ದಪ್ಪ ಮುರಿದ ಕಾಳು, ರಾತ್ರಿ ನೆನೆಸಿಟ್ಟರೆ ಬೆಳಿಗ್ಗೆ ಬೇಗ ಬೇಯುತ್ತದೆ, ಬಾಯಿಗೆ ಕಾಳುಕಾಳಾಗಿ ಸಿಗುತ್ತದೆ. ಬೆಲ್ಲ ಬೇಕೆನಿಸಿದರೆ ಬ್ರೌನ್ ಶುಗರ್ ಹಾಕಿಕೊಳ್ಳಿ, ಯಾರೂ ಏನೂ ಅನ್ನುವುದಿಲ್ಲ.

ಬೇಕ್ಡ್ ಬೀನ್ಸ್ ಅಂದರೆ ಟೊಮೆಟೊ ಸಾಸಿನಲ್ಲಿ ಬೆಂದ ಬಿಳಿ ಹ್ಯಾರಿಕಾಟ್ ಕಾಳು. 1886ರಲ್ಲಿ ಲಂಡನ್ನಿನ ಫೋರ್ಟ್‌ನಮ್ ಅಂಡ್ ಮೇಸನ್ ಅಂಗಡಿಗೆ ಅಮೆರಿಕದಿಂದ ದುಬಾರಿ ತಿನಿಸಾಗಿ ಬಂದದ್ದು ಇವತ್ತು ವಿದ್ಯಾರ್ಥಿಗಳ ಅಗ್ಗದ ಊಟ. ಗರಿ ಟೋಸ್ಟಿನ ಮೇಲೆ ಬೆಣ್ಣೆ, ಅದರ ಮೇಲೆ ಬಿಸಿ ಬೀನ್ಸ್, ಸ್ವಲ್ಪ ಕಾಳುಮೆಣಸು. ಹಾಸ್ಟೆಲಿನ ರೂಮಿನಲ್ಲಿ ಐದು ನಿಮಿಷದ ಕೆಲಸ. ಕ್ರಂಪೆಟ್ ಅಂತ ಸಿಗುತ್ತದೆ, ಯೀಸ್ಟ್ ಹಿಟ್ಟನ್ನು ಬಳೆಯಂಥ ಅಚ್ಚಿನೊಳಗೆ ಕಾವಲಿಯ ಮೇಲೆ ಹುಯ್ದು ಮಾಡುವುದು, ಮೇಲೆಲ್ಲ ತೂತುತೂತು, ನೋಡಿದರೆ ದಪ್ಪ ಸೆಟ್ ದೋಸೆಯ ಮರಿ. ಅಂಗಡಿಯದರಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುವುದಿಲ್ಲ, ಆದರೂ ಪ್ಯಾಕೆಟ್ ಓದಿ. ಚೆನ್ನಾಗಿ ಸುಟ್ಟು ಬೆಣ್ಣೆ ಹಾಕಿದರೆ ಆ ತೂತುಗಳೆಲ್ಲ ತುಂಬಿಕೊಳ್ಳುತ್ತವೆ. ಸ್ಕಾಟ್ಲೆಂಡಿನ ಆಲೂಗೆಡ್ಡೆಯ ಟ್ಯಾಟಿ ಸ್ಕೋನ್ ಕೂಡ ಕೇಳಿ ಪಡೆಯಿರಿ.

ಎಚ್ಚರ ವಹಿಸಬೇಕಾದ ಜಾಗಗಳು ಇವು. ಬ್ಲ್ಯಾಕ್ ಪುಡ್ಡಿಂಗ್ ಅಂದರೆ ಸಿಹಿಯಲ್ಲ, ಹಂದಿಯ ರಕ್ತ ಮತ್ತು ಓಟ್ಸಿನ ಸಾಸೇಜ್. ಹುರಿದ ಬ್ರೆಡ್, ಅಣಬೆ, ಟೊಮೆಟೊ ಇವನ್ನು ಎಷ್ಟೋ ಕಡೆ ಬೇಕನ್ (ಉಪ್ಪು ಹಾಕಿದ ಹಂದಿಮಾಂಸ) ಹುರಿದ ಅದೇ ಬಾಣಲೆಯಲ್ಲಿ, ಅದೇ ಕೊಬ್ಬಿನಲ್ಲಿ ಮಾಡುತ್ತಾರೆ. ವೂಸ್ಟರ್ ಸಾಸಿನಲ್ಲಿ ಮೀನು ಇರುತ್ತದೆ. ಕಂದು ಬಣ್ಣದ ಎಚ್‌ಪಿ ಸಾಸಿನಲ್ಲಿ ಇಲ್ಲ, ಅದರಲ್ಲಿರುವುದು ಟೊಮೆಟೊ, ವಿನೆಗರ್, ಖರ್ಜೂರ, ಹುಣಸೆಹಣ್ಣು ಮುಂತಾದವು, ನಿಮಗೆ ಖಂಡಿತ ಹಿಡಿಸುತ್ತದೆ. ವೆಜಿಟೇರಿಯನ್ ಸಾಸೇಜಿನಲ್ಲಿ ಮೊಟ್ಟೆಯ ಬಿಳಿ ಸೇರಿರಬಹುದು. ಅದಕ್ಕೆ ನೀವು ‘ವೆಜಿಟೇರಿಯನ್’ ಅನ್ನಬೇಡಿ, ‘ವೀಗನ್ ಬ್ರೇಕ್‌ಫಾಸ್ಟ್’ ಅಂತ ಕೇಳಿ, ಅದರಲ್ಲಿ ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ, ಹಾಲು ಬೆಣ್ಣೆಯನ್ನು ಬೇರೆಯಾಗಿ ತರಿಸಿಕೊಳ್ಳಿ. ಬಿ ಅಂಡ್ ಬಿ ಆದರೆ ಹಿಂದಿನ ರಾತ್ರಿಯೇ ಹೇಳಿ, ಬೇರೆ ಬಾಣಲೆಯಲ್ಲಿ ಮಾಡಿಕೊಡಿ ಅಂದರೆ ಬೇಸರವಿಲ್ಲದೆ ಮಾಡಿಕೊಡುತ್ತಾರೆ. ಬೆಳಿಗ್ಗೆ ಎಂಟೂವರೆಗೆ ಎಲ್ಲರ ತಟ್ಟೆ ತಯಾರಾಗುವಾಗ ಹೇಳಿದರೆ ಅವರಿಗೂ ಕಷ್ಟ, ನಿಮಗೂ ಒಣ ಟೋಸ್ಟೇ ಗತಿ.

ಪ್ರಶ್ನೆ: ಟೋಸ್ಟನ್ನು ಕಂಬಿಗಳ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ತಣ್ಣಗೆ ಮಾಡಿ ಕೊಡುತ್ತಾರಲ್ಲ, ಯಾಕೆ? — ಓದುಗರು, ಧಾರವಾಡ

ಒಂದರ ಮೇಲೊಂದು ಪೇರಿಸಿದರೆ ಆವಿಗೆ ಟೋಸ್ಟ್ ಬೆವರಿ ಮೆತ್ತಗಾಗುತ್ತದೆ. ನಿಲ್ಲಿಸಿದರೆ ಗರಿ ಉಳಿಯುತ್ತದೆ, ಬಿಸಿ ಹೋಗುತ್ತದೆ. ಮಾರ್ಮಲೇಡ್, ಅಂದರೆ ಕಿತ್ತಳೆ ಸಿಪ್ಪೆಯ ಜಾಮ್, ಹಚ್ಚಲು ಅದೇ ಸರಿ. ಮೊಟ್ಟೆಗೆ ಮಾತ್ರ ಬಿಸಿ ಟೋಸ್ಟೇ ಆಗಬೇಕು.

ಪ್ರಶ್ನೆ: ಮೊಮ್ಮಗ ಬರ್ಮಿಂಗ್‌ಹ್ಯಾಮ್‌ನಿಂದ ಮಾರ್ಮೈಟ್ ಅನ್ನುವ ಕಪ್ಪು ಅಂಟು ತಂದಿದ್ದಾನೆ. ಒಂದು ಚಮಚ ಬಾಯಿಗೆ ಹಾಕಿಕೊಂಡು ಉಗುಳಿಬಿಟ್ಟೆ. ಇದನ್ನು ಜನ ಹೇಗೆ ತಿನ್ನುತ್ತಾರೆ? — ಓದುಗರು, ತುಮಕೂರು

ಚಮಚದಲ್ಲಿ ಯಾರೂ ತಿನ್ನುವುದಿಲ್ಲ ಸರ್! ಬಿಸಿ ಟೋಸ್ಟಿಗೆ ಧಾರಾಳವಾಗಿ ಬೆಣ್ಣೆ ಹಚ್ಚಿ, ಅದರ ಮೇಲೆ ಚಾಕುವಿನ ತುದಿಯಲ್ಲಿ ಬರುವಷ್ಟೇ ಮಾರ್ಮೈಟ್ ಸವರಬೇಕು. ಉಪ್ಪು ಬಹಳ, ಹಾಗಾಗಿ ಅದೇ ಪಟ್ಟಿಯನ್ನು ಮೊಟ್ಟೆಗೆ ಅದ್ದಿದರೆ ಬೇರೆ ಉಪ್ಪು ಬೇಡ. ಬರ್ಟನ್ ಅಪಾನ್ ಟ್ರೆಂಟ್ ಅನ್ನುವ ಊರಿನಲ್ಲಿ 1902ರಲ್ಲಿ, ಬಿಯರ್ ಮಾಡಿ ಉಳಿದ ಯೀಸ್ಟಿನಿಂದ ಇದನ್ನು ತಯಾರಿಸಲು ಶುರು ಮಾಡಿದರು. ಮಾಂಸ ಇಲ್ಲ.

ನಿಮ್ಮ ಡಬ್ಬಿಗೂ ನಮ್ಮ ದೇಶಕ್ಕೂ ಒಂದು ನಿಜವಾದ ನಂಟು ಇದೆ, ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ವೈದ್ಯೆ ಬೊಂಬಾಯಿಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರಲ್ಲಿ ಒಂದು ಬಗೆಯ ತೀವ್ರ ರಕ್ತಹೀನತೆ ಇತ್ತು, ಕಾರಣ ಗೊತ್ತಿರಲಿಲ್ಲ. ಅವರ ಊಟವನ್ನು ಗಮನಿಸಿ, ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ, ಕೊನೆಗೆ ಈ ಹೆಂಗಸರಿಗೆ ಮಾರ್ಮೈಟ್ ಕೊಟ್ಟು ನೋಡಿದರು. ಚೇತರಿಸಿಕೊಂಡರು. 1931ರಲ್ಲಿ ಅದನ್ನು ಪ್ರಕಟಿಸಿದರು. ಅದರಲ್ಲಿದ್ದ ಅಂಶವೇ ಫೋಲೇಟ್ ಅಂತ ಆಮೇಲೆ ತಿಳಿಯಿತು. ಇವತ್ತು ಪ್ರತಿ ಗರ್ಭಿಣಿಗೂ ಡಾಕ್ಟರು ಬರೆದುಕೊಡುವ ಫೋಲಿಕ್ ಆಸಿಡ್ ಮಾತ್ರೆಯ ದಾರಿ ಅಲ್ಲಿಂದ ಶುರುವಾದದ್ದು. ಆ ಗಿರಣಿ ಹೆಂಗಸರ ಹೆಸರು ಯಾವ ಡಬ್ಬಿಯ ಮೇಲೂ ಇಲ್ಲ, ಆದರೆ ಆ ಕೆಲಸದಲ್ಲಿ ಅವರ ಪಾಲು ಸಣ್ಣದಲ್ಲ. ಡಬ್ಬಿ ಎಸೆಯಬೇಡಿ ಸರ್, ಬಿಪಿ ಇಲ್ಲದಿದ್ದರೆ ತೆಳ್ಳಗೆ ಸವರಿ ಇನ್ನೊಮ್ಮೆ ನೋಡಿ.

ಪ್ರಶ್ನೆ: ಕೆಡ್ಜರಿ ಅಂದರೆ ನಮ್ಮ ಕಿಚಡಿಯೇನಾ? ಮಂಗಳೂರಿನ ಮೀನಿನಲ್ಲಿ ಮಾಡಬಹುದಾ? — ಓದುಗರು, ಮಂಗಳೂರು

ಹೊರಟದ್ದು ಕಿಚಡಿಯಿಂದಲೇ. ಇಲ್ಲಿದ್ದ ಇಂಗ್ಲಿಷರು ಊರಿಗೆ ಒಯ್ದ ಮೇಲೆ ಬೇಳೆ ಬಿಟ್ಟುಹೋಯಿತು. ಹೊಗೆಯಾಡಿಸಿದ ಹ್ಯಾಡಕ್ ಮೀನು, ಗಟ್ಟಿ ಬೆಂದ ಮೊಟ್ಟೆ, ಬೆಣ್ಣೆ, ಸ್ವಲ್ಪ ಕರಿ ಪೌಡರ್ ಸೇರಿತು. ವಿಕ್ಟೋರಿಯಾ ಕಾಲದ ದೊಡ್ಡ ಮನೆಗಳಲ್ಲಿ ಇದು ಬೆಳಗಿನ ಮೇಜಿನ ಅಡುಗೆ. ರುಚಿಯೆಲ್ಲ ನಿಂತಿರುವುದು ಆ ಹೊಗೆಯ ಮೇಲೆ. ಹಸಿ ಅಂಜಲಿನಲ್ಲಿ ಮಾಡಿದರೆ ಒಳ್ಳೆಯ ಮೀನು ಅನ್ನ ಆಗುತ್ತದೆ, ಕೆಡ್ಜರಿ ಆಗುವುದಿಲ್ಲ. ಒಣಮೀನಂತೂ ಬೇಡ, ಉಪ್ಪು ಎಲ್ಲವನ್ನೂ ನುಂಗಿಬಿಡುತ್ತದೆ.

ಪ್ರಶ್ನೆ: ಮಗಳ ಮನೆಗೆ ಮೂರು ತಿಂಗಳು ಹೋಗುತ್ತಿದ್ದೇವೆ. ನಮ್ಮ ಯಜಮಾನರಿಗೆ ಫುಲ್ ಇಂಗ್ಲಿಷ್ ಬ್ರೇಕ್‌ಫಾಸ್ಟ್ ಎಂದರೆ ಪ್ರಾಣ, ಹೃದಯಕ್ಕೆ ಸ್ಟೆಂಟ್ ಹಾಕಿದೆ. — ಓದುಗರು, ದಾವಣಗೆರೆ

ಬೇಕನ್, ಸಾಸೇಜ್, ಮೊಟ್ಟೆ, ಬೀನ್ಸ್ ಎಲ್ಲ ಸೇರಿದ ಆ ತಟ್ಟೆಯನ್ನು ಅಲ್ಲಿನ ಮನೆಗಳಲ್ಲೂ ದಿನಾ ತಿನ್ನುವುದಿಲ್ಲ ಅಮ್ಮಾ. ಭಾನುವಾರ, ರಜೆ, ಹೋಟೆಲ್ ವಾಸ, ಅಷ್ಟೇ. ಎರಡು ಸಾಸೇಜ್, ಎರಡು ತುಂಡು ಬೇಕನ್ ಸೇರಿದರೆ ಸುಮಾರು 130 ಗ್ರಾಂ ಆಗುತ್ತದೆ. ಕೆಂಪು ಮಾಂಸ, ಸಂಸ್ಕರಿಸಿದ ಮಾಂಸ ದಿನಕ್ಕೆ ಸರಾಸರಿ 70 ಗ್ರಾಂ ದಾಟದಿರಲಿ ಅನ್ನುವುದು ಅಲ್ಲಿನ ಆರೋಗ್ಯ ಸೇವೆಯ ಸಲಹೆ. ಸ್ಟೆಂಟ್ ಹಾಕಿದವರಿಗೆ ನಿಮ್ಮ ಡಾಕ್ಟರು ಹೇಳಿದ್ದೇ ಕೊನೆಯ ಮಾತು. ದಿನನಿತ್ಯಕ್ಕೆ ಪಾರಿಜ್, ಸುಟ್ಟ ಟೊಮೆಟೊ, ಅಣಬೆ, ಡಾಕ್ಟರು ಒಪ್ಪಿದರೆ ಒಂದು ಅರೆಬೆಂದ ಮೊಟ್ಟೆ. ಇದೂ ಅಷ್ಟೇ ಇಂಗ್ಲಿಷ್ ತಿಂಡಿಯೇ ಅಂತ ಯಜಮಾನರಿಗೆ ಹೇಳಿ.

ಪ್ರಶ್ನೆ: ಕೊಡಗಿನ ಕಿತ್ತಳೆಯಲ್ಲಿ ಮಾರ್ಮಲೇಡ್ ಮಾಡಿದೆ. ಥರ್ಮಾಮೀಟರಿನಲ್ಲಿ 105 ಡಿಗ್ರಿ ಬರಲಿ ಎಂದು ಕಾದರೆ ಅಂಟಂಟಾಗಿ, ಬರೀ ಸಿಹಿಯಾಯಿತು. — ಓದುಗರು, ಮಡಿಕೇರಿ

ಎರಡು ಕಾರಣ. ಅಲ್ಲಿ ಇದಕ್ಕೆ ಬಳಸುವುದು ಸ್ಪೇನಿನ ಸೆವಿಲ್ ಕಿತ್ತಳೆ, ಜನವರಿಯಲ್ಲಿ ಸ್ವಲ್ಪ ದಿನ ಮಾತ್ರ ಸಿಗುವ, ಕಹಿ ಹುಳಿ ತುಂಬಿದ ಹಣ್ಣು. ಕೊಡಗಿನ ಕಿತ್ತಳೆ ಸಿಹಿ ಜಾತಿ, ಸಿಪ್ಪೆಯೂ ತೆಳು. ಅರ್ಧ ಭಾಗ ಹೇರಳೆಕಾಯಿ ಸೇರಿಸಿ, ಆ ಕಹಿ ಬರುತ್ತದೆ. ಬೀಜಗಳನ್ನು ಎಸೆಯದೆ ತೆಳು ಬಟ್ಟೆಯಲ್ಲಿ ಕಟ್ಟಿ ಸಿಪ್ಪೆಯ ಜೊತೆ ಬೇಯಿಸಿ, ಗಟ್ಟಿಯಾಗಿಸುವ ಪೆಕ್ಟಿನ್ ಅದರಲ್ಲಿದೆ. ಸಿಪ್ಪೆ ಬೆರಳಲ್ಲಿ ಒತ್ತಿದರೆ ಹಿಸುಕುವಷ್ಟು ಬೆಂದ ಮೇಲೆಯೇ ಸಕ್ಕರೆ ಹಾಕಿ, ಮೊದಲೇ ಹಾಕಿದರೆ ಸಿಪ್ಪೆ ಮತ್ತೆ ಮೆತ್ತಗಾಗುವುದಿಲ್ಲ.

ಇನ್ನು 105 ಡಿಗ್ರಿ. ಅದು ಸಮುದ್ರಮಟ್ಟದ ಲೆಕ್ಕ, ಅಂದರೆ ನೀರು ಕುದಿಯುವುದಕ್ಕಿಂತ ನಾಲ್ಕೈದು ಡಿಗ್ರಿ ಜಾಸ್ತಿ. ಮಡಿಕೇರಿಯಲ್ಲಿ ನೀರು ಕುದಿಯುವುದೇ 96ರ ಹತ್ತಿರ. ಬಸವನಗುಡಿಯ ಮೊಟ್ಟೆಗೆ ಆದದ್ದೇ ನಿಮ್ಮ ಮಾರ್ಮಲೇಡಿಗೂ ಆಗಿದೆ. ನಿಮಗೆ 100, 101 ಬಂದರೆ ಸಾಕು, ಉರಿ ಆರಿಸಿ. ಫ್ರಿಜ್‌ನಲ್ಲಿಟ್ಟ ತಟ್ಟೆಯ ಮೇಲೆ ಒಂದು ಹನಿ ಹಾಕಿ, ಒಂದು ನಿಮಿಷ ಬಿಟ್ಟು ಬೆರಳಿನಿಂದ ತಳ್ಳಿ ನೋಡಿ. ಮೇಲೆ ನೆರಿಗೆ ಬಿದ್ದರೆ ಆಗಿದೆ. ಬೀಳದಿದ್ದರೆ ಇನ್ನೆರಡು ನಿಮಿಷ ಕುದಿಸಿ, ಮತ್ತೆ ನೋಡಿ.